ಡಿಸೆಂಬರ್ 19ರ ರಜೆ: ವೇದಿಕೆ ಹತ್ತಿ ಐದು ನಿಮಿಷ ಏನು ಮಾತನಾಡಲಿ?

ವಾಸ್ಕೋವಾಸಿ

ಎಲ್ಲರಿಗೂ ನಮಸ್ಕಾರ. ಈ ಸಲ ಗೋವಾ ವಿಮೋಚನಾ ದಿನದಂದು ನಮ್ಮ ಕನ್ನಡ ಸಂಘದಲ್ಲಿ ಧ್ವಜ ಹಾರಿಸಿದ ಮೇಲೆ ಐದು ನಿಮಿಷ ಮಾತನಾಡುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಬೇಡವೆಂದರೂ ಕೇಳಲಿಲ್ಲ. "ನೀನು ಇಲ್ಲಿಯೇ ಹುಟ್ಟಿದವನು, ನಿನಗೆ ಗೊತ್ತಿರುತ್ತದೆ" ಎಂದರು. ಬಾಯ್ನಾದಲ್ಲಿ ಹುಟ್ಟಿದ್ದೇನೋ ನಿಜ. ಅಪ್ಪ ಬಾದಾಮಿ ಕಡೆಯಿಂದ ಬಂದು ಬಂದರಿನಲ್ಲಿ ಅದಿರಿನ ಕೆಲಸಕ್ಕೆ ಸೇರಿದವರು. ಗೋವಾ ನಮಗೆ ಅನ್ನ ಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಿಸೆಂಬರ್ 19 ನಮ್ಮ ದಿನವೇ ಎಂದು ಕೇಳಿದರೆ ಇಂದಿಗೂ ನಾಲಿಗೆ ತಡವರಿಸುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಇದೇ ದಿನಕ್ಕೆ ವೇಷದ ಸ್ಪರ್ಧೆ ಇತ್ತು. ನಾನು ಸೈನಿಕ. ಅಪ್ಪನ ಖಾಕಿ ಅಂಗಿಯನ್ನು ಅವ್ವ ಎರಡು ಕಡೆ ಮಡಚಿ ಹೊಲಿದಿದ್ದಳು. ಎಷ್ಟು ಒಗೆದರೂ ಅದಿರಿನ ಕೆಂಪು ಕಾಲರಿನಿಂದ ಹೋಗಿರಲಿಲ್ಲ. ಮೇಲೆ ಹತ್ತುವಾಗ ಮುಂದಿನ ಸಾಲಿನಲ್ಲಿದ್ದ ಯಾರೋ ದೊಡ್ಡವರು ಪಕ್ಕದವರಿಗೆ, "ಘಾಂಟಿ ಹುಡುಗನೂ ಸೈನಿಕನಾಗಿದ್ದಾನೆ ನೋಡಿ" ಎಂದು ನಕ್ಕರು. ಘಟ್ಟದ ಮೇಲಿನಿಂದ ಬಂದವರಿಗೆ ಇಲ್ಲಿ ಹೇಳುವ ಮಾತು ಅದು, ನಿಮಗೆಲ್ಲ ಗೊತ್ತಿದೆ. ನನಗೆ ಮೂರನೆಯ ಬಹುಮಾನ ಬಂತು. ಆ ನಗೆ ಮಾತ್ರ ಇನ್ನೂ ಕಿವಿಯಲ್ಲಿದೆ.

ಪ್ರತಿ ವರ್ಷ ಭಾಷಣ ಮಾಡುವವರು ಪೋರ್ಚುಗೀಸರ 451 ವರ್ಷ, 1961ರಲ್ಲಿ ನಮ್ಮ ಸೇನೆ ಗೋವಾ ಬಿಡಿಸಿದ ಆಪರೇಷನ್ ವಿಜಯ್, 36 ಗಂಟೆ, ಜೈ ಹಿಂದ್ ಎಂದು ಹೇಳಿ ಇಳಿಯುತ್ತಾರೆ. ನನಗೆ ಅದು ಬೇಡ. ಘಟ್ಟದ ಮೇಲಿನವರಿಗೂ ಈ ದಿನಕ್ಕೂ ಏನು ಸಂಬಂಧ? ಗೊತ್ತಿದ್ದವರು ಹೇಳಿ. ಸಂಬಂಧವೇ ಇಲ್ಲದಿದ್ದರೆ ಅದನ್ನೂ ಹೇಳಿ, ಸುಮ್ಮನೆ ಲಾಡು ಹಂಚಿ ಬರುತ್ತೇನೆ.

ಘಟ್ಟದ ರೈಲು

ತಮ್ಮಾ, ಸಂಬಂಧ ಇಲ್ಲ ಎನ್ನಬೇಡ. ನನ್ನ ಅಜ್ಜ ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆ ಗ್ಯಾಂಗ್‌ಮನ್. ಆಗ ಕ್ಯಾಸಲ್‌ರಾಕ್ ಎಂದರೆ ಗಡಿ. ಈ ಕಡೆ ಭಾರತ, ದೂಧ್‌ಸಾಗರದ ಕಡೆ ಇಳಿದರೆ ಪೋರ್ಚುಗೀಸರ ಸೀಮೆ. 1955ರಲ್ಲಿ ಭಾರತ ಸರ್ಕಾರ ಗೋವಾಕ್ಕೆ ದಿಗ್ಬಂಧನ ಹಾಕಿದಾಗ ಮುರಗಾಂವ್‌ಗೆ ಹೋಗುತ್ತಿದ್ದ ರೈಲು ನಿಂತುಹೋಯಿತು. ಅಜ್ಜ ಹೇಳುತ್ತಿದ್ದುದು ಯುದ್ಧದ ಕಥೆಯನ್ನಲ್ಲ, ಹುಲ್ಲಿನ ಕಥೆಯನ್ನು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಳಿಗಳ ನಡುವೆ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತಂತೆ. ಮೊದಮೊದಲು ಅಭ್ಯಾಸಬಲದಿಂದ ಕಿತ್ತರಂತೆ, ಆಮೇಲೆ ರೈಲೇ ಇಲ್ಲದ ಹಳಿಗೆ ಯಾಕೆಂದು ಬಿಟ್ಟರಂತೆ. ಕ್ಯಾಸಲ್‌ರಾಕ್ ಮಳೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಕಬ್ಬಿಣ ಒಣಗುವುದೇ ಮಾರ್ಚ್‌ನಲ್ಲಿ.

ಇನ್ನೊಂದು ಮಾತು, ಇದನ್ನು ಭಾಷಣದಲ್ಲಿ ಹಾಕಲೇಬೇಕು. ಗೋವಾದವರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿದ್ದ ಬಾನುಲಿ ಕೇಂದ್ರವೊಂದು ನಮ್ಮ ಕಾಡಿನಲ್ಲಿತ್ತು. ಲಿಬಿಯಾ ಲೋಬೊ ಮತ್ತು ವಾಮನ ಸರ್ದೇಸಾಯಿ ನಡೆಸುತ್ತಿದ್ದ ಕೇಂದ್ರ ಅದು. ಪೋರ್ಚುಗೀಸ್ ಹೆಸರು 'ವೋಜ್ ದ ಲಿಬರ್ದಾದ್', ಕೊಂಕಣಿಯಲ್ಲಿ 'ಗೊಂಯ್ಚೆ ಸೊಡವಣೆಚೊ ಆವಾಜ್'. 1955ರ ನವೆಂಬರ್ 25ರಂದು ಅಂಬೋಲಿಯ ಕಾಡಿನಲ್ಲಿ ಶುರುವಾಗಿ ಆಮೇಲೆ ಕ್ಯಾಸಲ್‌ರಾಕ್‌ಗೆ ಬಂತು. ಆರು ವರ್ಷ ಕಾಡಿನಲ್ಲಿ ಕುಳಿತು ಎರಡೂ ಭಾಷೆಗಳಲ್ಲಿ ದಿನವೂ ಮಾತನಾಡಿದರು. ಪೋರ್ಚುಗೀಸರು ಏನನ್ನು ಮುಚ್ಚಿಡುತ್ತಿದ್ದರೋ ಅದನ್ನೇ ಇವರು ಓದಿ ಹೇಳುತ್ತಿದ್ದರು. ಗೋವಾ ಬಿಡುಗಡೆಯಾದಾಗ ಇದೇ ಇಬ್ಬರು ವಾಯುಪಡೆಯ ವಿಮಾನದಲ್ಲಿ ಧ್ವನಿವರ್ಧಕ ಇಟ್ಟುಕೊಂಡು ಪಣಜಿಯ ಮೇಲೆ ಸುತ್ತುತ್ತಾ ಸುದ್ದಿ ಸಾರಿದರು. ಲಿಬಿಯಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ನೂರು ವರ್ಷ ದಾಟಿದ ಮೇಲೆ.

ಅಜ್ಜನಿಗೆ ಈ ಕೇಂದ್ರದ ವಿಷಯ ಗೊತ್ತಿತ್ತೇ ಎಂದು ಕೇಳಬೇಡ. ಗೊತ್ತಿರಲಿಲ್ಲ. ಅಷ್ಟು ಹತ್ತಿರದಲ್ಲಿದ್ದುಕೊಂಡು ಹುಲ್ಲು ಮಾತ್ರ ನೋಡಿದ್ದ. ನನಗೆ ಗೊತ್ತಾದದ್ದೂ ಅವನು ಹೋದ ಮೇಲೆ.

ಕಾರವಾರದಾಕೆ

ನಾನು ಈಗ ಮಡಗಾಂವ್‌ನಲ್ಲಿದ್ದೇನೆ, ತವರುಮನೆ ಬಿಣಗಾ. ಹಾಗಾಗಿ ಅಂಜದೀವದ ಮಾತು ಬಾರದೆ ಡಿಸೆಂಬರ್ 19 ಮುಗಿಯುವುದು ನನಗೆ ಸಹಿಸಲಾಗದ ಸಂಗತಿ.

ಅಂಜದೀವ ದ್ವೀಪ ಕಾರವಾರದ ಕಣ್ಣೆದುರೇ ಇದೆ, ಆದರೆ ಲೆಕ್ಕದಲ್ಲಿ ಗೋವಾದ್ದು. 1961ರ ನವೆಂಬರ್‌ನಲ್ಲಿ ಅಲ್ಲಿದ್ದ ಪೋರ್ಚುಗೀಸ್ ಸೈನಿಕರು ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಅದಾದ ಒಂದು ವಾರಕ್ಕೆ ಮೀನು ಹಿಡಿಯುವ ದೋಣಿಯ ಮೇಲೆ ಹಾರಿಸಿದರು, ಒಬ್ಬ ಮೀನುಗಾರ ಸತ್ತ. ದಿಲ್ಲಿಯಲ್ಲಿ ಎಷ್ಟೋ ವರ್ಷಗಳಿಂದ ಮಾತುಕತೆ ಮಾತುಕತೆ ಎನ್ನುತ್ತಿದ್ದ ಸರ್ಕಾರ ಸೇನೆಗೆ ಅಪ್ಪಣೆ ಕೊಡಲು ಈ ಗುಂಡುಗಳೂ ಒಂದು ಕಾರಣ.

ಡಿಸೆಂಬರ್ 18ರಂದು ದ್ವೀಪಕ್ಕೆ ನಮ್ಮ ನೌಕಾಪಡೆಯ ತುಕಡಿ ಇಳಿಯಿತು. ಇಳಿಸಿದ ಹಡಗುಗಳು ತ್ರಿಶೂಲ್ ಮತ್ತು ಮೈಸೂರು. ಹೌದು, ಐಎನ್‌ಎಸ್ ಮೈಸೂರು. ಮೊದಲ ತಂಡ ಸುಗಮವಾಗಿ ದಡ ಮುಟ್ಟಿತು. ದ್ವೀಪದಲ್ಲಿ ಬಿಳಿ ಬಾವುಟ ಕಂಡಿತ್ತು ಎಂದು ನೌಕಾಪಡೆ ಹೇಳುತ್ತದೆ. ಎರಡನೆಯ ತಂಡ ದಡಕ್ಕೆ ಬರುತ್ತಿದ್ದಾಗ ಗುಂಡಿನ ಮಳೆ ಸುರಿಯಿತು. 7 ಜನ ನೌಕಾಸೈನಿಕರು ಸತ್ತರು. ಆಮೇಲೆ ಹಡಗುಗಳಿಂದ ತೋಪು ಹಾರಿಸಿ ಮರುದಿನ ದ್ವೀಪ ವಶಪಡಿಸಿಕೊಂಡರು. ಗೋವಾ ಕಾರ್ಯಾಚರಣೆಯಲ್ಲಿ ನಮ್ಮವರು ಒಟ್ಟು 22 ಜನ ಸತ್ತದ್ದು. ಅಂದರೆ ಮೂರರಲ್ಲಿ ಒಬ್ಬರು ಕಾರವಾರದ ಎದುರಿನ ಈ ಒಂದು ದ್ವೀಪದಲ್ಲಿಯೇ ಸತ್ತಿದ್ದಾರೆ.

ನಮ್ಮ ಅಮ್ಮನಿಗೆ ಆಗ ಒಂಬತ್ತು ವರ್ಷ. ತೋಪಿನ ಸದ್ದಿಗೆ ಒಣಹಾಕಿದ ಮೀನು ಬಿಟ್ಟು ಎಲ್ಲರೂ ಒಳಗೆ ಓಡಿದರಂತೆ, ಹೊರಬಂದು ನೋಡಿದರೆ ಕಾಗೆಗಳು ಒಂದೂ ಬಿಡದೆ ತಿಂದು ಮುಗಿಸಿದ್ದವಂತೆ. ಯುದ್ಧದ ಬಗ್ಗೆ ಕೇಳಿದಾಗಲೆಲ್ಲ ಅಮ್ಮ ಕಾಗೆಗಳನ್ನೇ ಬೈಯುತ್ತಿದ್ದಳು.

ಈಗ ಆ ದ್ವೀಪ ಐಎನ್‌ಎಸ್ ಕದಂಬ ನೌಕಾನೆಲೆಯ ಅಂಗಳದಲ್ಲಿದೆ. ನಾವು ಯಾರೂ ಕಾಲಿಡುವಂತಿಲ್ಲ. ನೆಲೆಗೆಂದು ಜಾಗ ಬಿಟ್ಟುಕೊಟ್ಟವರಲ್ಲಿ ಬಿಣಗಾದ ಜನವೂ ಇದ್ದಾರೆ, ಅದು ಬೇರೆ ಪುರಾಣ, ಇಲ್ಲಿ ಬೇಡ.

ಖಡಕಿ ಕ್ವಾರ್ಟರ್ಸ್

ಪುಣೆಯಿಂದ ಒಂದು ಅಪಸ್ವರ. ಬೇಸರ ಮಾಡಿಕೊಳ್ಳಬೇಡಿ. ಎಲ್ಲದರಲ್ಲೂ ಕನ್ನಡದ ಪಾಲು ಹುಡುಕುವ ಈ ಚಾಳಿ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಹಡಗಿಗೆ ಮೈಸೂರು ಎಂದು ಹೆಸರಿದ್ದರೆ ಅದರಲ್ಲಿದ್ದವರೆಲ್ಲ ಮೈಸೂರಿನವರೇ? ಹಾಗೆ ಲೆಕ್ಕ ಹಾಕಿದರೆ ಪುಣೆಯವರಾದ ನಮಗೆ ಹೆಚ್ಚು ಪಾಲು ಬರಬೇಕು. ಇಡೀ ಕಾರ್ಯಾಚರಣೆ ದಕ್ಷಿಣ ಕಮಾಂಡಿನದು, ಅದರ ಕೇಂದ್ರ ಪುಣೆ, ಮುಖ್ಯಸ್ಥರು ಜನರಲ್ ಜೆ. ಎನ್. ಚೌಧುರಿ. ದಾಬೋಳಿ ರನ್‌ವೇ ಮೇಲೆ ಬಾಂಬು ಹಾಕಿದ ಕ್ಯಾನ್‌ಬೆರಾ ವಿಮಾನಗಳು ಹಾರಿದ್ದೂ ಪುಣೆಯಿಂದಲೇ. (ಆ ರನ್‌ವೇ ಹಾಳಾದ ಮೇಲೂ ರಾತ್ರಿ ಕತ್ತಲಲ್ಲಿ ಎರಡು ಪೋರ್ಚುಗೀಸ್ ವಿಮಾನಗಳು ಅಲ್ಲಿಂದಲೇ ಹಾರಿ ತಪ್ಪಿಸಿಕೊಂಡವು. ಆ ಪೈಲಟ್‌ಗಳ ಎದೆಗಾರಿಕೆಗೆ ಶತ್ರುವೂ ತಲೆದೂಗಬೇಕು.)

ಇನ್ನೊಂದು ಮಾತು. ಇದನ್ನು ಮಹಾಯುದ್ಧ ಎಂದು ಹೇಳಿ ಮಕ್ಕಳ ಮುಂದೆ ಎದೆ ತಟ್ಟಬೇಡಿ. ನಮ್ಮ ಕಡೆ ಒಂದು ಪೂರ್ತಿ ಡಿವಿಷನ್, ಜೊತೆಗೆ ಪ್ಯಾರಾ ಬ್ರಿಗೇಡ್, ನೌಕಾಪಡೆ, ವಾಯುಪಡೆ. ಅವರ ಕಡೆ ಸುಮಾರು 3,500 ಸೈನಿಕರು, ಒಂದು ಹಳೆಯ ಯುದ್ಧನೌಕೆ. ಯುದ್ಧವಿಮಾನ ಒಂದೂ ಇಲ್ಲ. ಫಲಿತಾಂಶ ಮೊದಲೇ ಗೊತ್ತಿದ್ದ ಪಂದ್ಯ.

ಕಾರವಾರದಾಕೆ

ಖಡಕಿಯವರೇ, ಮಹಾಯುದ್ಧ ಎಂದು ನಾನು ಎಲ್ಲಿ ಹೇಳಿದೆ? ಏಳು ಜನ ಎಂದೆ. ಪಂದ್ಯದ ಫಲಿತಾಂಶ ಮೊದಲೇ ಗೊತ್ತಿತ್ತು ಎಂಬ ಸಮಾಧಾನ ಆ ಏಳು ಮನೆಗಳಿಗೆ ತಲುಪಿರಲಿಕ್ಕಿಲ್ಲ.

ಅಗ್ವಾದದ ಮಾತನ್ನೂ ಸೇರಿಸುತ್ತೇನೆ. ಕೋಟೆಯಲ್ಲಿದ್ದ ರಾಜಕೀಯ ಕೈದಿಗಳನ್ನು ಬಿಡಿಸಲು ಹೋದ ಮೇಜರ್ ಶಿವದೇವ್ ಸಿಂಗ್ ಸಿಧು ಮತ್ತು ಕ್ಯಾಪ್ಟನ್ ವಿನೋದ್ ಸೆಹಗಲ್ ಅಲ್ಲಿಯೇ ಗುಂಡಿಗೆ ಬಲಿಯಾದರು. ಒಂದು ದಿನ ತಾಳಿದ್ದರೆ ಎಲ್ಲವೂ ಮುಗಿದಿರುತ್ತಿತ್ತು. ಈಗ ಅಗ್ವಾದ ಜೈಲು ವಸ್ತುಸಂಗ್ರಹಾಲಯವಾಗಿದೆ. ನೋಡಲು ಹೋದವರಲ್ಲಿ ಮುಕ್ಕಾಲು ಮಂದಿ ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಮಡಗಾಂವ್ ಮೇಷ್ಟ್ರು

ನಿವೃತ್ತನಾದ ಮೇಲೆ ಇಂಥ ಚರ್ಚೆಗಳೇ ನನ್ನ ಪಾಠಶಾಲೆ. ವಾಸ್ಕೋವಾಸಿಯವರ ಪ್ರಶ್ನೆ ಒಳ್ಳೆಯದು, ಆದರೆ ಉತ್ತರ ಬೇಕಿದ್ದರೆ 1961ರಲ್ಲಿ ಹುಡುಕಿದರೆ ಸಾಲದು, 1510ಕ್ಕೆ ಹೋಗಬೇಕು. ಅಲ್ಲಿ ಸಿಗುವುದು ನಮಗೆ ಅಷ್ಟೇನೂ ಹಿತವಾಗದ ಸುದ್ದಿ.

ಅಲ್ಬುಕರ್ಕ್ ಎಂಬ ಪೋರ್ಚುಗೀಸ್ ಸೇನಾನಿ ಆ ವರ್ಷ ತನ್ನ ಹಡಗುಗಳನ್ನು ತೆಗೆದುಕೊಂಡು ಬೇರೆ ಕಡೆಗೆ ಹೊರಟಿದ್ದ. ದಾರಿಯಲ್ಲಿ ಅವನನ್ನು ತಡೆದು, ಮೊದಲು ಗೋವಾ ಹಿಡಿ, ಈಗ ಸಮಯ ಚೆನ್ನಾಗಿದೆ ಎಂದು ಕಿವಿಯೂದಿದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರ ಬಾಯಲ್ಲಿ ಅವನು ತಿಮೋಜಾ. ವಿಜಯನಗರದ ಆಶ್ರಯದಲ್ಲಿ ಕರಾವಳಿಯ ಕಡಲಿನಲ್ಲಿ ಹಡಗುಗಳನ್ನಿಟ್ಟುಕೊಂಡಿದ್ದ ಬಲಿಷ್ಠ. ಕಡಲುಗಳ್ಳ ಎಂದೂ ಹೇಳುವವರಿದ್ದಾರೆ, ನೌಕಾಧಿಪತಿ ಎಂದೂ ಹೇಳುವವರಿದ್ದಾರೆ. ಆ ಕಾಲದಲ್ಲಿ ಎರಡರ ನಡುವೆ ಬಹಳ ಅಂತರ ಇರಲಿಲ್ಲ. ಆಗ ಗೋವಾ ಬಿಜಾಪುರದ ಆದಿಲಶಾಹಿಯ ಕೈಯಲ್ಲಿತ್ತು. ವಿಜಯನಗರಕ್ಕೆ ಅರಬೀ ಕುದುರೆಗಳು ಬೇಕು, ಆ ಕುದುರೆಗಳು ಇಳಿಯುವ ಬಂದರು ಶತ್ರುವಿನದು. ತಿಮ್ಮಯ್ಯನ ಲೆಕ್ಕ ಇದೇ ಇರಬೇಕು: ಬಿಜಾಪುರದವರು ಹೋಗಲಿ, ಆಮೇಲೆ ಗೋವಾ ನನಗೆ ಬರಲಿ.

ಅಲ್ಬುಕರ್ಕ್ ಗೋವಾ ಹಿಡಿದ, ಕೆಲವೇ ತಿಂಗಳಲ್ಲಿ ಆದಿಲಶಾಹಿ ಸೇನೆ ಅವನನ್ನು ಓಡಿಸಿತು, 1510ರ ನವೆಂಬರ್ 25ರಂದು ಮತ್ತೆ ಬಂದು ಹಿಡಿದ. ಆ ಸಲ ಕೂತವನು ಏಳಲಿಲ್ಲ. ತಿಮ್ಮಯ್ಯನಿಗೆ ಸಿಕ್ಕಿದ್ದು ಕೆಲವು ಕಾಲದ ಅಧಿಕಾರ, ಗೋವಾ ಅಲ್ಲ. ಕ್ಯಾಸಲ್‌ರಾಕ್ ಮಿತ್ರರು ಹೇಳಿದ ಬಾನುಲಿ ಶುರುವಾದ ತಾರೀಖನ್ನು ಇನ್ನೊಮ್ಮೆ ನೋಡಿ. ಅದೂ ನವೆಂಬರ್ 25.

ಪಣಜಿಯಲ್ಲಿ ಮಾಂಡವಿಯ ದಡದಲ್ಲಿ ಹಳೆಯ ಸಚಿವಾಲಯ ಇದೆಯಲ್ಲ, ಅದು ಮೂಲತಃ ಆದಿಲ್ ಶಾಹನ ಅರಮನೆ. ಕಳೆದ ವರ್ಷ ಅದರ ಮುಂದೆ ಹಾದುಹೋಗುವಾಗ ಕಾಲುದಾರಿಗೆ ಕಲ್ಲು ಹಾಸುತ್ತಿದ್ದ ಹುಡುಗರ ಮಾತು ಕಿವಿಗೆ ಬಿತ್ತು, ಅಚ್ಚ ಕನ್ನಡ. ಯಾವ ಊರೆಂದು ಕೇಳಿದೆ. ವಿಜಯಪುರ ಜಿಲ್ಲೆ, ಇಂಡಿ. "ಈ ಕಟ್ಟಡ ಕಟ್ಟಿಸಿದವನೂ ನಿಮ್ಮ ಊರಿನ ಕಡೆಯವನೇ" ಎಂದೆ. ಒಬ್ಬ ಹುಡುಗ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಹಾಗಾದರೆ ಪಗಾರ ಅವನ ಹತ್ತಿರವೇ ಕೇಳಬೇಕು ಸರ್, ನಮ್ಮ ಗುತ್ತಿಗೆದಾರ ಎರಡು ವಾರದಿಂದ ಕೊಟ್ಟಿಲ್ಲ" ಎಂದ.

ಖಡಕಿ ಕ್ವಾರ್ಟರ್ಸ್

ಮೇಷ್ಟ್ರೇ, ಆ ಹುಡುಗನಿಗೆ ನನ್ನ ನಮಸ್ಕಾರ. ಆದರೆ ತಿಮ್ಮಯ್ಯನ ಕಥೆಯನ್ನು ಕನ್ನಡ ಸಂಘದ ವೇದಿಕೆಯಲ್ಲಿ ಹೇಳಿಸಿ ನೋಡಿ, ಗೋವಾದವರು ನಮ್ಮನ್ನು ಘಟ್ಟ ಹತ್ತಿಸಿ ಕಳಿಸುತ್ತಾರೆ. ಮನೆಗೆ ಕಳ್ಳನನ್ನು ಕರೆತಂದವರು ನಾವೇ ಎಂದು ನಾವೇ ಡಂಗುರ ಸಾರುವುದೇ?

ಮಡಗಾಂವ್ ಮೇಷ್ಟ್ರು

ಸಾರಿದರೆ ತಪ್ಪೇನು? ಬಿಜಾಪುರವೂ ನಮ್ಮದು, ವಿಜಯನಗರವೂ ನಮ್ಮದು, ಹೊನ್ನಾವರವೂ ನಮ್ಮದು. ಇವರ ಜಗಳದ ಸಂದಿಯಲ್ಲಿ ಹೊರಗಿನವನು ನುಸುಳಿದ. ತಿಮ್ಮಯ್ಯನನ್ನು ದೇಶದ್ರೋಹಿ ಎಂದು ಕರೆಯಲು ಆಗ ಈ ದೇಶ ಎಂಬ ಕಲ್ಪನೆಯೇ ಇರಲಿಲ್ಲ. ಅವನ ಲೆಕ್ಕ ತಪ್ಪಿತು, ಅಷ್ಟೆ. ಒಂದು ವಿಚಿತ್ರ ನೋಡಿ: 1961ರಲ್ಲಿ ಮುರಗಾಂವ್ ಬಂದರಿನಲ್ಲಿ ನಮ್ಮ ಬೆಟ್ವಾ, ಬಿಯಾಸ್ ಹಡಗುಗಳ ಜೊತೆ ಕಾದಾಡಿ, ಪೆಟ್ಟು ತಿಂದು, ದಡಕ್ಕೆ ಹತ್ತಿ ನಿಂತ ಆ ಒಂದೇ ಪೋರ್ಚುಗೀಸ್ ಯುದ್ಧನೌಕೆಯ ಹೆಸರೂ ಅಫೋನ್ಸೊ ದ ಅಲ್ಬುಕರ್ಕ್. ಕೊನೆಗೆ ಅದನ್ನು ಮುಂಬಯಿಗೆ ಎಳೆದೊಯ್ದು ಗುಜರಿಗೆ ಹಾಕಿದರು.

ಫೋಂಡಾ ಅಂಚೆ

451 ವರ್ಷ ಎಂಬ ಲೆಕ್ಕಕ್ಕೆ ನನ್ನದೊಂದು ತಕರಾರು. ನಾನು ಇರುವುದು ಫೋಂಡಾ ತಾಲ್ಲೂಕಿನಲ್ಲಿ. ಇಲ್ಲಿ ಪೋರ್ಚುಗೀಸರು ಇದ್ದದ್ದು ಇನ್ನೂರು ವರ್ಷವೂ ಅಲ್ಲ. 451 ಎಂಬುದು ಪಣಜಿ ಇರುವ ತಿಸ್ವಾಡಿಗೆ ಸರಿ. ಬಾರ್ದೇಶ, ಸಾಷ್ಟಿ ಅವರ ಕೈಗೆ ಬಂದದ್ದು ಅದೇ ಶತಮಾನದಲ್ಲಿ, ಸ್ವಲ್ಪ ತಡವಾಗಿ. ಉಳಿದ ಪೆಡ್ಣೆ, ಡಿಚೋಲಿ, ಸತ್ತರಿ, ಫೋಂಡಾ, ಸಾಂಗೆ, ಕೇಪೆ, ಕಾಣಕೋಣ ಎಲ್ಲವೂ 18ನೆಯ ಶತಮಾನದಲ್ಲಿ ಸೇರಿದವು. ಅವರ ದಾಖಲೆಗಳಲ್ಲಿಯೇ ಹಳೆಯ ಗೆಲುವು, ಹೊಸ ಗೆಲುವು ಎಂದು ಎರಡು ಭಾಗ ಇವೆ. ಈ ಭಾಗದಲ್ಲಿ ದೇವಸ್ಥಾನಗಳು ಒತ್ತೊತ್ತಾಗಿ ಇರುವುದಕ್ಕೂ ಇದೇ ಕಾರಣ. ಆ ಕಡೆ ಗುಡಿಗಳನ್ನು ಕೆಡವಿದಾಗ ಜನರು ದೇವರನ್ನು ಹೊತ್ತುಕೊಂಡು ನದಿ ದಾಟಿ ಇಲ್ಲಿಗೆ ಬಂದರು.

ಈಗ ಕನ್ನಡದ ಎಳೆ. ಈ ದಕ್ಷಿಣದ ತಾಲ್ಲೂಕುಗಳು ಆಗ ಸೋದೆ ಅರಸರವು. ಸೋದೆ ಎಂದರೆ ನಮ್ಮ ಶಿರಸಿ ಪಕ್ಕದ ಸೋಂದಾ, ವಾದಿರಾಜರ ಮಠ ಇರುವ ಊರು. ಹೈದರಾಲಿ 1763ರ ಸುಮಾರಿಗೆ ಸೋದೆಯ ಮೇಲೆ ಬಿದ್ದಾಗ ಅರಸ ಘಟ್ಟ ಇಳಿದು ಗೋವಾಕ್ಕೆ ಓಡಿಬಂದು ಪೋರ್ಚುಗೀಸರ ಆಸರೆ ಬೇಡಿದ. ಆಸರೆ ಸಿಕ್ಕಿತು, ಆದರೆ ನೆಲ ಅವರ ಪಾಲಾಯಿತು. ವಂಶದವರು ಇಲ್ಲಿಯೇ ನೆಲೆಸಿದರು, ಸೌಂದೇಕರ್ ಎಂದು ಹೆಸರಾಯಿತು. ಬಾಂದೋಡೆಯಲ್ಲಿ ನಾಗೇಶಿ ದೇವಸ್ಥಾನದ ಹತ್ತಿರ ಅವರ ಮನೆ ಇದೆ. ಅದೇ ನಾಗೇಶಿ ದೇವಸ್ಥಾನದಲ್ಲಿ ವಿಜಯನಗರದ ದೇವರಾಯನ ಕಾಲದ, 1413ರ ಶಾಸನವೂ ಇದೆ. ನಾನು ದಿನವೂ ಆ ದಾರಿಯಲ್ಲಿ ಟಪಾಲು ಹಂಚುತ್ತೇನೆ. ಘಟ್ಟ ಇಳಿದು ಬಂದ ಮೊದಲ ಘಾಂಟಿ ಕೂಲಿಯವನಲ್ಲ, ಅರಸ, ಎಂದು ಮನಸ್ಸಿನಲ್ಲಿಯೇ ನಗುತ್ತೇನೆ.

ಇನ್ನು ಕದಂಬರ ವಿಷಯ ಎತ್ತುವುದೇ ಇಲ್ಲ. ನಾವು ದಿನವೂ ಹತ್ತುವ ಸರ್ಕಾರಿ ಬಸ್ಸಿನ ಮೇಲೆಯೇ ಆ ಹೆಸರು ಬರೆದಿದೆ.

ವೆರ್ಣಾ ಎರಡನೆಯ ಪಾಳಿ

ಎಲ್ಲವನ್ನೂ ಓದಿದೆ, ಒಳ್ಳೆಯ ವಿಷಯಗಳು. ಆದರೆ ರಜೆ ಎಂದು ಶೀರ್ಷಿಕೆ ಹಾಕಿದ್ದೀರಿ, ರಜೆ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಕಾರ್ಖಾನೆಯಲ್ಲಿ ಕಾಯಂ ನೌಕರರಿಗೆ ಡಿಸೆಂಬರ್ 19 ರಜೆ. ಗುತ್ತಿಗೆಯವರಿಗೆ, ಅಂದರೆ ನಮಗೆ, ಬಂದರೆ ಕೂಲಿ, ಬಾರದಿದ್ದರೆ ಇಲ್ಲ. ಕಳೆದ ವರ್ಷ ಬೆಳಿಗ್ಗೆ ಗೇಟಿನಲ್ಲಿ ಧ್ವಜ ಹಾರಿಸಿದರು, ನಮ್ಮನ್ನೂ ಸಾಲಿನಲ್ಲಿ ನಿಲ್ಲಿಸಿದರು, ಒಂದೊಂದು ಪೇಡೆ ಕೊಟ್ಟರು. ಕಾಯಂನವರು ಪೇಡೆ ತಿಂದು ಮನೆಗೆ ಹೋದರು, ನಾವು ಪೇಡೆ ತಿಂದು ಒಳಗೆ ಹೋದೆವು. ನನ್ನ ಜೊತೆಗಾರ ಕೊಪ್ಪಳದವನು, "ಅಣ್ಣಾ, ವಿಮೋಚನೆ ಗೇಟಿನವರೆಗೆ ಮಾತ್ರ ಬಂದಿದೆ" ಎಂದ. ಭಾಷಣದಲ್ಲಿ ಹೇಳಬೇಡಿ, ಸಂಘಕ್ಕೆ ದೇಣಿಗೆ ಕೊಡುವವರು ಅಂಥವರೇ ಇರುತ್ತಾರೆ.

ಬೆಳಗಾವಿ ಅಕ್ಕ

ಬೆಳಗಾವಿಯನ್ನು ಬಿಟ್ಟೇಬಿಟ್ಟಿರಲ್ಲ! ಬಿಡುಗಡೆಯ ಕೆಲಸ ನಡೆದದ್ದೆಲ್ಲ ನಮ್ಮೂರಿನಿಂದ. ಗೋವಾದಲ್ಲಿ ಬಾಯಿ ಬಿಟ್ಟರೆ ಜೈಲು, ಹಾಗಾಗಿ ನ್ಯಾಷನಲ್ ಕಾಂಗ್ರೆಸ್ ಗೋವಾದವರು ಬೆಳಗಾವಿಯಲ್ಲಿ ಕಚೇರಿ ಇಟ್ಟುಕೊಂಡಿದ್ದರು. 1961ರಲ್ಲಿ 17ನೆಯ ಡಿವಿಷನ್ ಬೆಳಗಾವಿಯ ಸುತ್ತ ಜಮಾಯಿಸಿತು. ಒಂದು ಬ್ರಿಗೇಡ್ ಅನಮೋಡ ಘಟ್ಟ ಇಳಿದು ಮೊಲೆಮ್ ಮಾರ್ಗವಾಗಿ ಫೋಂಡಾ ಕಡೆ ಹೋಯಿತು. ಪ್ಯಾರಾ ಬ್ರಿಗೇಡ್ ಉತ್ತರದಿಂದ, ಬ್ರಿಗೇಡಿಯರ್ ಸಗತ್ ಸಿಂಗ್ ಅವರ ಮುಂದಾಳತ್ವದಲ್ಲಿ ಹೋಯಿತು. ಅವರಿಗೆ ವಹಿಸಿದ್ದು ಸಣ್ಣ ಕೆಲಸ, ಆದರೆ 19ರ ಬೆಳಿಗ್ಗೆ ಪಣಜಿಗೆ ಮೊದಲು ಕಾಲಿಟ್ಟವರು ಅವರೇ. ಸೇತುವೆ ಒಡೆದಿದ್ದರೆ ನದಿ ದಾಟಿಕೊಂಡು ಹೋದರು.

ನಮ್ಮ ಮನೆ ಸಾಂಬ್ರಾ ವಿಮಾನನೆಲೆಯ ಹತ್ತಿರ. 18ರ ಬೆಳಿಗ್ಗೆ ಹಂಟರ್ ವಿಮಾನಗಳು ಅಲ್ಲಿಂದಲೇ ಹಾರಿ ಬಾಂಬೋಳಿಯ ವೈರ್‌ಲೆಸ್ ಕೇಂದ್ರ ಹೊಡೆದವು. ದೊಡ್ಡಮ್ಮ ರೊಟ್ಟಿ ಬಡಿಯುತ್ತಿದ್ದಳಂತೆ. ವಿಮಾನ ಎದ್ದ ಸದ್ದಿಗೆ ನೆಲುವಿನ ಮೇಲಿನ ಮೊಸರಿನ ಗಡಿಗೆ ಉರುಳಿತು. "ಸರ್ಕಾರ ಗೋವಾ ಗೆದ್ದಿತು, ನನ್ನ ಗಡಿಗೆಯ ದುಡ್ಡು ಯಾರು ಕೊಟ್ಟರು" ಎಂದು ಕೊನೆಯವರೆಗೂ ಕೇಳುತ್ತಿದ್ದಳು.

ಸೈನ್ಯಕ್ಕಿಂತ ಮೊದಲು ಹೋದ ಸತ್ಯಾಗ್ರಹಿಗಳನ್ನೂ ನೆನೆಯಿರಿ. ನರಗುಂದದ ಜಗನ್ನಾಥರಾವ್ ಜೋಶಿ 1955ರ ಜೂನ್‌ನಲ್ಲಿ ತಂಡ ಕಟ್ಟಿಕೊಂಡು ಗಡಿ ದಾಟಿ ಜೈಲು ಸೇರಿದರು. ಅದೇ ಆಗಸ್ಟ್ 15ರಂದು ದೇಶದ ಎಲ್ಲ ಕಡೆಗಳಿಂದ ಬಂದ ನಿರಾಯುಧ ಜನ ಗಡಿ ದಾಟಿದಾಗ ಪೋರ್ಚುಗೀಸರು ಗುಂಡು ಹಾರಿಸಿದರು. ಪಾತ್ರಾದೇವಿಯಲ್ಲಿ ಸತ್ತವರ ಸ್ಮಾರಕ ಇದೆ. ವಾಸ್ಕೋವಾಸಿ, ನಿಮ್ಮನ್ನು ನೋಡಿ ನಕ್ಕವರಿಗೆ ಆ ಹೆಸರುಗಳ ಪಟ್ಟಿ ತೋರಿಸಬೇಕಿತ್ತು. ಅಲ್ಲಿ ಹೊರಗಿನವರೇ ಹೆಚ್ಚು.

ನಾವೇಲಿ ಸೊಸೆ

ಸ್ವಲ್ಪ ಅಳುಕಿನಿಂದಲೇ ಬರೆಯುತ್ತಿದ್ದೇನೆ. ನಾನು ಮಂಗಳೂರಿನ ಕ್ರೈಸ್ತಳು, ಸಾಷ್ಟಿಯ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ. ನಮ್ಮ ಮನೆಯಲ್ಲಿ ಡಿಸೆಂಬರ್ 19 ಎಂದರೆ ಮಾತು ಕಡಿಮೆ. ಅತ್ತೆಗೆ ಈಗ ಎಂಬತ್ತೇಳು. ಅವರ ಅಣ್ಣ ಆಗಿನ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಆಮೇಲೆ ಲಿಸ್ಬನ್‌ಗೆ ಹೋದರು, ಹಿಂದಿರುಗಿ ಬರಲಿಲ್ಲ. ಹಾಗೆಂದು ಅತ್ತೆಗೆ ಭಾರತದ ಮೇಲೆ ಸಿಟ್ಟಿದೆ ಎಂದು ತಿಳಿಯಬೇಡಿ. ಮಾವ ಪೋರ್ಚುಗೀಸರ ವಿರುದ್ಧ ರಾಮಮನೋಹರ ಲೋಹಿಯಾ ನಡೆಸಿದ ಸಭೆಗೆ, ಅದೇ 1946ರ ಜೂನ್ 18ರ ಮಡಗಾಂವ್ ಸಭೆಗೆ, ಹುಡುಗನಾಗಿದ್ದಾಗ ಓಡಿಹೋಗಿ ಪೊಲೀಸರ ಪೆಟ್ಟು ತಿಂದವರು. ಒಂದೇ ಮನೆಯಲ್ಲಿ ಎರಡೂ ಇದ್ದವು.

ಬೋರಿ ಸೇತುವೆಯನ್ನು ಪೋರ್ಚುಗೀಸರು ಹಿಂದೆ ಸರಿಯುವಾಗ ಸ್ಫೋಟಿಸಿದ ಸದ್ದನ್ನು ಅತ್ತೆ ಈಗಲೂ ಬಾಯಿಯಲ್ಲಿ ಮಾಡಿ ತೋರಿಸುತ್ತಾರೆ. ಅವರು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಜನರಲ್ ಮಾತು ಕೇಳದೆ ಇದ್ದದ್ದರಿಂದ ನಾವು ಉಳಿದೆವು. ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವ ಅವರಿಗೆ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಾಜಾರ್‌ನಿಂದ ಬಂದ ಅಪ್ಪಣೆ ಕೊನೆಯ ಮನುಷ್ಯನವರೆಗೂ ಹೋರಾಡಿ, ಶರಣಾಗಬೇಡಿ ಎಂದು. ಅವರು ಹಾಗೆ ಮಾಡಲಿಲ್ಲ. 19ರ ರಾತ್ರಿ ವಾಸ್ಕೋದಲ್ಲಿ ಶರಣಾಗತಿಗೆ ಸಹಿ ಹಾಕಿದರು. ಊರಿಗೆ ಹಿಂದಿರುಗಿದಾಗ ಸಲಾಜಾರ್ ಅವರನ್ನು ಸೇನೆಯಿಂದಲೇ ಹೊರಹಾಕಿದ. ಪೋರ್ಚುಗಲ್‌ನಲ್ಲಿ 1974ರ ಕ್ರಾಂತಿಯಾದ ಮೇಲೆ ಮರ್ಯಾದೆ ಮರಳಿತು. 1980ರಲ್ಲಿ ಅದೇ ಮನುಷ್ಯ ಗೋವಾ ನೋಡಲು ಬಂದಿದ್ದರು, ಇಲ್ಲಿಯ ಜನ ಪ್ರೀತಿಯಿಂದಲೇ ಬರಮಾಡಿಕೊಂಡರು. ಭಾಷಣದಲ್ಲಿ ಅವರಿಗೆ ಅರ್ಧ ನಿಮಿಷ ಕೊಡಲು ಸಾಧ್ಯವೇ? ಅತ್ತೆಯ ಪರವಾಗಿ ಕೇಳುತ್ತಿದ್ದೇನೆ.

ಖಡಕಿ ಕ್ವಾರ್ಟರ್ಸ್

ಶತ್ರು ಸೇನಾನಿಗೂ ಅರ್ಧ ನಿಮಿಷವೇ? ಕೊಡಿ, ಕೊಡಿ. ಇವತ್ತು ನನಗೆ ವಾದ ಮಾಡುವ ಹುಮ್ಮಸ್ಸಿಲ್ಲ. ಅಕ್ಕನವರ ಕೊನೆಯ ವಾಕ್ಯ ಓದಿ ಸೋತುಹೋದೆ.

ನಿರ್ವಾಹಕ

ತಿಮ್ಮಯ್ಯನ ಜಾತಿ ಯಾವುದು ಎಂದು ಜಗಳ ತೆಗೆದ ನಾಲ್ಕು ಪ್ರತಿಕ್ರಿಯೆಗಳನ್ನು ತೆಗೆದುಹಾಕಿದ್ದೇನೆ. ಮಹದಾಯಿ ನೀರಿನ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಎಷ್ಟು ಬೇಕಾದರೂ ಕೂಗಾಡಿ.

ವಾಸ್ಕೋವಾಸಿ

ಎಲ್ಲರಿಗೂ ಕೈಮುಗಿದು ವರದಿ ಒಪ್ಪಿಸುತ್ತಿದ್ದೇನೆ, ಕಾರ್ಯಕ್ರಮ ಇಂದು ಮುಗಿಯಿತು.

ಬರೆದುಕೊಂಡದ್ದು ಆರು ಪುಟ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ತಡವಾಗಿ ಬಂದರು, ಕಾರ್ಯದರ್ಶಿ ನನ್ನ ಹತ್ತಿರ ಬಂದು ಎರಡು ಬೆರಳು ತೋರಿಸಿದರು. ಎರಡು ನಿಮಿಷ. ಏನು ಬಿಡುವುದು, ಏನು ಹೇಳುವುದು? ತಿಮ್ಮಯ್ಯನನ್ನು ಬಿಟ್ಟೆ, ಮೇಷ್ಟ್ರು ಕ್ಷಮಿಸಬೇಕು, ಎರಡು ನಿಮಿಷದಲ್ಲಿ ಅವನ ಕಥೆ ಹೇಳಿದರೆ ಅವನಿಗೂ ಅನ್ಯಾಯ, ನನಗೂ ಪೆಟ್ಟು. ಹಳಿಗಳ ನಡುವೆ ಬೆಳೆದ ಹುಲ್ಲನ್ನು ಹೇಳಿದೆ, ಅಂಜದೀವದ ಏಳು ಜನರನ್ನು ಹೇಳಿದೆ, ಜನರಲ್‌ಗೆ ಅರ್ಧ ನಿಮಿಷ ಕೊಟ್ಟೆ. ಮುಂದೆ ಕುಳಿತಿದ್ದ ಮಕ್ಕಳಿಗೆ ಇಷ್ಟವಾದದ್ದು ಮೊಸರಿನ ಗಡಿಗೆ. ಅದನ್ನು ಹೇಳುವ ಯೋಚನೆಯೇ ಇರಲಿಲ್ಲ, ಬಾಯಿಗೆ ಬಂತು.

ಇಳಿದು ಬಂದಾಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕರೆದರು. ಮಾರುಕಟ್ಟೆಯಲ್ಲಿ ಕೊತ್ತಂಬರಿ ಮಾರುವವರು, ಗದಗ ಕಡೆಯವರು. "ಸೈನ್ಯ ಬಂದ ಮೇಲೆ ರೈಲು ಮತ್ತೆ ಓಡಿತೇ?" ಎಂದು ಕೇಳಿದರು. ಓಡಿತು ಎಂದೆ. "ಅದೇ ರೈಲಿನಲ್ಲಿ ನಾನು ಬಂದದ್ದು, ಮದುವೆಯಾದ ವಾರಕ್ಕೆ" ಎಂದು ನನ್ನ ಕೈಯಲ್ಲಿ ಎರಡು ಲಾಡು ಇಟ್ಟರು. ಒಂದು ನನಗೆ, ಇನ್ನೊಂದು ಹುಲ್ಲು ಕಿತ್ತವನ ಮೊಮ್ಮಗನಿಗಂತೆ. ಘಟ್ಟದ ರೈಲು ಅವರೇ, ನಿಮ್ಮ ಲಾಡು ನನ್ನ ಹತ್ತಿರ ಇದೆ, ಎರಡು ದಿನದ ಮೇಲೆ ಉಳಿಯುವುದಿಲ್ಲ.

ಘಟ್ಟದ ರೈಲು

ಉಳಿಸಿ, ಭಾನುವಾರ ಬರುತ್ತೇನೆ.

ಫೋಂಡಾ ಅಂಚೆ

ಬರುವುದಾದರೆ ಎಲ್ಲರೂ ಸೇರಿ ನಾಗೇಶಿಗೆ ಹೋಗೋಣ. ಶಾಸನ ನೋಡೋಣ, ಸೋದೆ ಅರಸರ ಮನೆಯನ್ನು ಹೊರಗಿನಿಂದ ನೋಡೋಣ, ಒಳಗೆ ಜನ ವಾಸವಿದ್ದಾರೆ. ಫೋಂಡಾ ಬಸ್ ನಿಲ್ದಾಣದಲ್ಲಿ ಒಂಬತ್ತಕ್ಕೆ. ವಾಸ್ಕೋದಿಂದ ಬರುವವರು ಏಳೂವರೆಯ ಕದಂಬ ಹಿಡಿಯಿರಿ, ಆಮೇಲಿನದ್ದು ಎಲ್ಲ ಕಡೆ ನಿಲ್ಲಿಸುತ್ತದೆ.

ವೆರ್ಣಾ ಎರಡನೆಯ ಪಾಳಿ

ಭಾನುವಾರವೇ? ಹಾಗಾದರೆ ನಾನೂ ಬರುತ್ತೇನೆ.